ಪದವಿನ ಲಂಟಾನಕ್ಕೆ ಹೋಂಡಾ ಬ್ರಷ್ ಕಟ್ಟರ್: ಎಲ್ಲಿವರೆಗೆ ಸಾಕು?

ಹೋಂಡಾದ ಜಿಎಕ್ಸ್35 ಎಂಜಿನ್ ಇರುವ ಬ್ರಷ್ ಕಟ್ಟರ್ (ಪೊದೆ ಕೊಯ್ಯುವ ಯಂತ್ರ) ಒಳ್ಳೆಯದೇ. ಆದರೆ ಮಣಿಪಾಲದ ಕಡೆಯ ಮುರಕಲ್ಲು ಪದವಿನಲ್ಲೋ (ಜಂಬಿಟ್ಟಿಗೆ ಕಲ್ಲಿನ ಬಯಲು) ನಾಗಬನದ ಅಂಚಿನಲ್ಲೋ ಲಂಟಾನ, ಕಮ್ಯುನಿಸ್ಟ್ ಗಿಡದಂಥ (ಕ್ರೊಮೊಲೇನಾ) ಕಳೆ ತೆಗೆಯಲು ಇದೊಂದೇ ಸಾಕು ಅಂದುಕೊಂಡು ಕೊಳ್ಳಬೇಡಿ. ಇದು ಪೊದೆ ಬಿಡಿಸುತ್ತದೆ, ಗಿಡ ಸಾಯಿಸುವುದಿಲ್ಲ. ಸಾಯಿಸುವ ಕೆಲಸ ಪಿಕಾಸಿಯದ್ದು.

35.8 ಸಿಸಿ, ನಾಲ್ಕು ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ. ಎಂಜಿನ್ ಆಯಿಲ್ 100 ಮಿ.ಲೀ. ಸಾಕು, ಮೊದಲ ಸಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಬದಲಿಸಿ. ಇಳಿಜಾರಿನಲ್ಲಿ ಎಷ್ಟು ವಾಲಿಸಿದರೂ ಎಂಜಿನ್ ನಿಲ್ಲುವುದಿಲ್ಲ, ಪದವಿನ ಅಂಚಿಗೆ ಇದು ದೊಡ್ಡ ಅನುಕೂಲ.

ತೋಟದ ಹುಲ್ಲಿಗೆ ಹಾಕುವ ನೈಲಾನ್ ದಾರ ಇಲ್ಲಿ ಕೆಲಸಕ್ಕೆ ಬಾರದು. ಕಮ್ಯುನಿಸ್ಟ್ ಗಿಡದ ಮೆದು ಕಾಂಡಕ್ಕೆ ಮೂರು ಹಲ್ಲಿನ ಬ್ಲೇಡ್ ಸಾಕು. ಹೆಬ್ಬೆರಳು ದಪ್ಪದ ಲಂಟಾನಕ್ಕೆ ಅದು ಪುಟಿಯುತ್ತದೆ, 80 ಹಲ್ಲಿನ ಬ್ಲೇಡೇ ಬೇಕು. ಬ್ಲೇಡಿನ ನಟ್ಟಿನ ಮರೆ (ಥ್ರೆಡ್) ಉಲ್ಟಾ, ಎಡಗೈಯದ್ದು: ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ಜಗ್ಗಿದರೆ ಇನ್ನಷ್ಟು ಬಿಗಿದು ಮರೆ ಹಾಳಾಗುತ್ತದೆ. ಕಾಂಡಕ್ಕೆ ಬ್ಲೇಡಿನ ಎಡಭಾಗ ತಾಗಲಿ. ಮುಂದಿನ ಬಲಮೂಲೆ ತಾಗಿದರೆ ಯಂತ್ರ ಬಲವಾಗಿ ಒದೆಯುತ್ತದೆ. 15 ಮೀಟರಿನೊಳಗೆ ಯಾರೂ ನಿಲ್ಲಬಾರದು, ಮುಖಕ್ಕೆ ಜಾಲರಿ ಇರಲೇಬೇಕು.

ನೆಲಕ್ಕೆ ಒತ್ತಿ ಕೊಯ್ಯುವುದು ಎರಡು ರೀತಿಯಲ್ಲಿ ನಷ್ಟ. ಮುರಕಲ್ಲಿಗೆ ತಾಗಿ ಬ್ಲೇಡಿನ ಹಲ್ಲು ಉದುರುತ್ತದೆ. ಬುಡ ಕಾಣದಾಗಿ, ಹಿಡಿದು ಕೀಳಲೂ ಸಿಗುವುದಿಲ್ಲ. ಒಂದು ಗೇಣು ಕುತ್ತಿ (ಕೊಯ್ದುಳಿದ ಮೋಟು) ಬಿಡಿ. ಮೊದಲ ಮಳೆಗೆ ಮಣ್ಣು ಸಡಿಲಾದ ಮೇಲೆ ಆ ಕುತ್ತಿ ಹಿಡಿದು, ತಾಯಿಬೇರನ್ನು ಮಣ್ಣಿನಿಂದ 3ರಿಂದ 5 ಸೆಂ.ಮೀ. ಕೆಳಗೆ ಪಿಕಾಸಿಯಲ್ಲಿ ಕಡಿಯಬೇಕು. ಲಂಟಾನ ಚಿಗುರುವುದು ಕಾಂಡ, ಬೇರು ಸೇರುವ ಆ ಗಂಟಿನಿಂದಲೇ. ಅದು ಮಣ್ಣಲ್ಲಿ ಉಳಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಎದ್ದು ಬರುತ್ತದೆ. ಕಿತ್ತದ್ದನ್ನು ಬೇರು ಮೇಲಾಗಿ ಬಂಡೆಯ ಮೇಲೆ ರಾಶಿ ಹಾಕಿ ಒಣಗಿಸಿ. ಬೆಂಕಿ ಬೇಡ, ಪದವಿನ ಒಣಹುಲ್ಲು ಹಿಡಿದರೆ ಬನಕ್ಕೂ ಹಬ್ಬುತ್ತದೆ.

ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲೇ ಸವರಿ. ಬೀಜ ಬಲಿತ ಮೇಲೆ ಬ್ಲೇಡ್ ಹಾಕಿದರೆ, ಗಾಳಿ ಮಾಡುವ ಬಿತ್ತನೆಯನ್ನು ನಾವೇ ಮಾಡಿದಂತೆ.

ಯಂತ್ರಕ್ಕೆ ಗಿಡದ ಗುರುತಿಲ್ಲ. ಉಳಿಸಬೇಕಾದ ಊರಿನ ಗಿಡಗಳಾದ ಕೇಪುಳ, ಕರಂಡೆ, ಕುಂಟಾಲ ಎಲ್ಲ ಅದೇ ಪೊದೆಯೊಳಗೆ ಇರುತ್ತವೆ. ಹಿಂದಿನ ದಿನವೇ ಅವಕ್ಕೆ ಬಣ್ಣದ ಬಟ್ಟೆ ಕಟ್ಟಿ, ಸುತ್ತ ಎರಡು ಅಡಿ ಕತ್ತಿಯಲ್ಲೇ ಬಿಡಿಸಿ. ಬನದ ಒಳಗೆ ಯಂತ್ರ ಒಯ್ಯಲೇಬೇಡಿ. ಅಂಚಿನ ಕೆಲಸಕ್ಕೂ ಕುಟುಂಬದ ಹಿರಿಯರ ಒಪ್ಪಿಗೆ ಪಡೆದೇ ಇಳಿಯಿರಿ. ಮಳೆಗಾಲದಲ್ಲಿ ಪದವಿನ ತೆಳುಮಣ್ಣಿನಲ್ಲಿ ಡ್ರೊಸೆರಾ, ಯುಟ್ರಿಕ್ಯುಲೇರಿಯಾದಂಥ ಬೆರಳುದ್ದದ ಕೀಟಾಹಾರಿ ಗಿಡಗಳು ಏಳುತ್ತವೆ. ಆಗ ಅಲ್ಲಿ ಯಂತ್ರವೂ ಬೇಡ, ಬೂಟುಗಾಲಿನ ಓಡಾಟವೂ ಬೇಡ.

ಇಷ್ಟೆಲ್ಲ ಯಾಕೆ, ಕಳೆನಾಶಕ ಗ್ಲೈಫೋಸೇಟ್ ಹೊಡೆದರಾಯಿತು ಅನ್ನುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತ್ತು. ಪದವಿನ ಮಟ್ಟಿಗಂತೂ ಅದು ಬೇಡವೇ ಬೇಡ: ಹೊಡೆದದ್ದು ಮಳೆನೀರಿನ ಹೊಂಡಕ್ಕೇ ಇಳಿಯುತ್ತದೆ, ಅಲ್ಲಿರುವುದು ಕಪ್ಪೆಯ ಗೊದಮೊಟ್ಟೆ.

ಎಕರೆಗಟ್ಟಲೆ ಪೊದೆ ಇದ್ದರೆ ಯಂತ್ರ ಕೊಳ್ಳಿ. ಹತ್ತಿಪ್ಪತ್ತು ಸೆಂಟ್ಸ್ ಜಾಗಕ್ಕೆ ಕತ್ತಿ, ಪಿಕಾಸಿ, ಇಬ್ಬರು ಆಳು ಸಾಕು. ಯಾವುದಾದರೂ ಸರಿ, ಮುಂದಿನ ಎರಡು ಮೂರು ವರ್ಷ ಮಳೆ ಕಡಿಮೆಯಾಗುತ್ತಲೇ ಹೊಸದಾಗಿ ಎದ್ದ ಕಳೆಯ ಸಸಿ ಕೀಳಲು ಹೋಗಬೇಕು. ಹಕ್ಕಿ ಕೂರುವ ಮರದ ಬುಡದಿಂದ ಶುರು ಮಾಡಿ. ಲಂಟಾನದ ಹಣ್ಣು ತಿಂದ ಪಿಕಳಾರಗಳು ಬೀಜ ಉದುರಿಸುವುದು ಅಲ್ಲೇ.