ಮೂರು ವರ್ಷ, 46,000 ಕಿ.ಮೀ.: ನಮ್ಮ ಮನೆಯ ಎಲೆಕ್ಟ್ರಿಕ್ ಕಾರು, ಅಕ್ಕನ ಮನೆಯ ಹೈಬ್ರಿಡ್

2023ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಮ್ಯಾಕ್ಸ್ ನಮ್ಮ ಮನೆಗೆ ಬಂತು. ಮೂರು ವರ್ಷ ತುಂಬಿತು. ಓಡೋಮೀಟರ್ 46,000 ದಾಟಿದೆ. ನಮ್ಮವರೂ ನಾನೂ ಇಬ್ಬರೂ ಓಡಿಸುತ್ತೇವೆ. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಇಬ್ಬರು ಮಕ್ಕಳು. ವಾರವಿಡೀ ರಾಜರಾಜೇಶ್ವರಿ ನಗರದಿಂದ ಆಫೀಸು, ಶಾಲೆ, ಸಂತೆ. ವರ್ಷಕ್ಕೆ ಆರೇಳು ಸಲ ಪುತ್ತೂರಿನ ಮನೆಗೆ. ಹೊಸದಾಗಿ ಕಾರು ಕೊಳ್ಳುವವರು ಯಾರೇ ಸಿಕ್ಕರೂ "ಎಲೆಕ್ಟ್ರಿಕ್ ತಗೊಳ್ಳೋದಾ, ಹೈಬ್ರಿಡ್ ತಗೊಳ್ಳೋದಾ?" ಅಂತ ಕೇಳುತ್ತಾರೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಮೋಟಾರೂ ಬ್ಯಾಟರಿಯೂ ಇರುವ ಕಾರು. ನಾನು ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ? ಅಲ್ಲಿ 15 ಆಂಪ್ ಸಾಕೆಟ್ ಇದೆಯಾ?

ಬೆಲೆ, ಬ್ಯಾಟರಿ, ರೇಂಜ್ (ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ) ಎಲ್ಲ ಅದರ ನಂತರದ ಮಾತು.

ನಮ್ಮದು ಸ್ವಂತ ಮನೆ. ಗೇಟಿನ ಒಳಗೆ ಒಂದು ಕಾರಿಗೆ ಜಾಗ ಇದೆ. ಗೋಡೆಯ ಮೇಲೆ ನೀರಿನ ಪಂಪಿಗೆ ಅಂತ ಹಾಕಿಸಿದ್ದ ಸಾಕೆಟ್ ಇತ್ತು. ಮೊದಲ ಎರಡು ತಿಂಗಳು ಅದೇ ಸಾಕೆಟ್‌ನಲ್ಲಿ, ಕಾರಿನ ಜೊತೆ ಕೊಟ್ಟ 3.3 ಕಿಲೋವ್ಯಾಟ್ ಚಾರ್ಜರ್‌ನಲ್ಲೇ ನಡೆಸಿದೆವು. ಬ್ಯಾಟರಿ 40.5 ಯೂನಿಟ್‌ನದು. ಪೂರ್ತಿ ಖಾಲಿಯಿಂದ ತುಂಬಲು 14 ಗಂಟೆಗೂ ಮೇಲೆ ಬೇಕು. ಆದರೆ ಪೂರ್ತಿ ಖಾಲಿ ಮಾಡಿ ಮನೆಗೆ ಬರುವವರು ಯಾರಿದ್ದಾರೆ? ದಿನಕ್ಕೆ 40 ಕಿ.ಮೀ. ಓಡಿದರೆ ಆರೇಳು ಯೂನಿಟ್ ಖರ್ಚು. ಅಷ್ಟು ತುಂಬಲು ರಾತ್ರಿ ಎರಡು ಗಂಟೆ ಸಾಕು. ಈಗಲೂ ನಾವು ವಾರಕ್ಕೆ ಎರಡು ಸಲ ಮಾತ್ರ ಚಾರ್ಜ್‌ಗೆ ಹಾಕುತ್ತೇವೆ. 7.2 ಕಿಲೋವ್ಯಾಟ್ ಚಾರ್ಜರ್ ಬೇಕು ಅಂತ ಮೊದಲು ಅಂದುಕೊಂಡಿದ್ದೆವು. ಅದಕ್ಕೆ ಮನೆಯ ಮಂಜೂರಾದ ಲೋಡ್ ಏರಿಸಬೇಕು. ಏರಿಸಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಬಿಟ್ಟೆವು. ಅದು ಇಲ್ಲ ಅಂತ ಒಂದು ದಿನವೂ ಅನ್ನಿಸಿಲ್ಲ.

ಗೃಹಜ್ಯೋತಿ ವಿಷಯ ಮಾತ್ರ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಆ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ನಮ್ಮ ಮನೆಯ ಬಳಕೆ ಮಾಮೂಲಾಗಿ 120-130 ಯೂನಿಟ್. ಕಾರು ತಿಂಗಳಿಗೆ 150-160 ಯೂನಿಟ್ ಕುಡಿಯುತ್ತದೆ. ಎರಡೂ ಒಂದೇ ಮೀಟರ್‌ನಲ್ಲಿದ್ದರೆ ಶೂನ್ಯ ಬಿಲ್ ಕೈತಪ್ಪಿತು ಅಂತಲೇ ಲೆಕ್ಕ. ಅಂದರೆ ಕಾರಿನ ಕರೆಂಟಿನ ಜೊತೆ ಮನೆಯ ಕರೆಂಟಿಗೂ ದುಡ್ಡು. ಕೊನೆಗೆ ಕಾರಿಗೆ ಅಂತಲೇ ಬೇರೆ ಮೀಟರ್ ಹಾಕಿಸಿದೆವು. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಬೆಸ್ಕಾಂನಲ್ಲಿ ಬೇರೆಯೇ ದರ ಇದೆ. ಕಡಿಮೆ ಕರೆಂಟ್ ಬಳಸುವ ಮನೆಯವರು ಈ ಲೆಕ್ಕವನ್ನು ಕಾರು ಬುಕ್ ಮಾಡುವ ಮುಂಚೆಯೇ ಹಾಕಿಕೊಳ್ಳಿ.

ದುಡ್ಡಿನ ವಿಷಯ ಒಟ್ಟಿಗೇ ಹೇಳಿ ಮುಗಿಸುತ್ತೇನೆ. 46,000 ಕಿ.ಮೀ.ಗೆ ಗೋಡೆಯಿಂದ ಎಳೆದ ಕರೆಂಟು ಸುಮಾರು 7,000 ಯೂನಿಟ್. ಅಂದರೆ ಯೂನಿಟ್‌ಗೆ ಆರೂವರೆ ಕಿ.ಮೀ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಕರೆಂಟೂ ಇದರಲ್ಲಿ ಸೇರಿದೆ. ಐದರಲ್ಲಿ ನಾಲ್ಕು ಪಾಲು ಮನೆಯಲ್ಲಿ ತುಂಬಿದ್ದು, ಒಂದು ಪಾಲು ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ. ಹೆದ್ದಾರಿಯಲ್ಲಿ ಯೂನಿಟ್‌ಗೆ ಮನೆಯ ಮೂರರಷ್ಟು ಬೆಲೆ. ಎಲ್ಲ ಕೂಡಿ ಮೂರು ವರ್ಷಕ್ಕೆ 65,000 ರೂಪಾಯಿಯ ಆಸುಪಾಸು ಆಗಿದೆ. ನಮ್ಮ ಹಳೆಯ ಪೆಟ್ರೋಲ್ ಕಾರು ಊರೊಳಗೆ 13 ಕೊಡುತ್ತಿತ್ತು. ಲೀಟರಿಗೆ 102 ರೂಪಾಯಿಯಂತೆ ಅದರಲ್ಲಿ ಇದೇ ದೂರಕ್ಕೆ 3.6 ಲಕ್ಷ ಬೀಳುತ್ತಿತ್ತು. ಲೀಟರಿಗೆ 20 ಕಿ.ಮೀ. ಕೊಡುವ ಹೈಬ್ರಿಡ್ ಆಗಿದ್ದರೆ 2.3 ಲಕ್ಷ ಆಗುತ್ತಿತ್ತು.

ಕೊಳ್ಳುವಾಗಲೂ ವ್ಯತ್ಯಾಸ ಇತ್ತು. ಆಗ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ. ಹೈಬ್ರಿಡ್‌ಗೆ ಪೆಟ್ರೋಲ್ ಕಾರಿನಷ್ಟೇ ತೆರಿಗೆ. 10ರಿಂದ 20 ಲಕ್ಷದೊಳಗಿನ ಕಾರಿಗೆ ಶೇ 17. 18 ಲಕ್ಷದ ಹೈಬ್ರಿಡ್ ಅಂದರೆ ತೆರಿಗೆಯೇ 3 ಲಕ್ಷ ದಾಟಿತು. 2024ರಿಂದ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೂ ಶೇ 10 ತೆರಿಗೆ ಬಂತು. ಈಗ ಕೊಳ್ಳುವವರು ಆನ್-ರೋಡ್ ಬೆಲೆಯನ್ನೇ ಬರೆಸಿಕೊಂಡು ಹೋಲಿಸಿ. ಶೋರೂಮ್ ಬೆಲೆಗೆ ಶೋರೂಮ್ ಬೆಲೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನು ರೇಂಜ್. ಕಂಪನಿಯ ಕಾಗದದಲ್ಲಿ 437 ಕಿ.ಮೀ. ಅಂತ ಇದೆ. ಅದು ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪರೀಕ್ಷೆಯ ಅಂಕಿ. ಪರೀಕ್ಷೆಯ ಅಂಕಿಯನ್ನು ಯಾವ ಕಾರೂ ರಸ್ತೆಯಲ್ಲಿ ಕೊಡುವುದಿಲ್ಲ, ಪೆಟ್ರೋಲ್ ಕಾರೂ ಅಷ್ಟೇ. ನಮಗೆ ಊರೊಳಗೆ 270-280 ಸಿಗುತ್ತದೆ. ಹೆದ್ದಾರಿಯಲ್ಲಿ 80-90ರ ವೇಗದಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು 250. ವೇಗ 110ಕ್ಕೆ ಏರಿಸಿದರೆ ಇದೂ ಸಿಗುವುದಿಲ್ಲ. ಆದರೆ ಬೆಂಗಳೂರಿನ ಟ್ರಾಫಿಕ್ಕಿಗೆ ಈ ಕಾರು ಹೆದರುವುದಿಲ್ಲ. ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಒಂದು ಗಂಟೆ ಸಿಕ್ಕಿಕೊಂಡರೂ ಖರ್ಚಾಗುವುದು ಎಸಿಯ ಒಂದೂವರೆ ಯೂನಿಟ್ ಮಾತ್ರ.

ಪುತ್ತೂರಿನ ದಾರಿ ನನಗೆ ಈ ಕಾರಿನ ನಿಜವಾದ ಪರೀಕ್ಷೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಇಳಿದು ಉಪ್ಪಿನಂಗಡಿ. ಸುಮಾರು 310 ಕಿ.ಮೀ. ಹಾಸನದಲ್ಲಿ ತಿಂಡಿಗೆ ನಿಲ್ಲಿಸುತ್ತೇವೆ. ಆಗ ಶೇ 30 ಉಳಿದಿರುತ್ತದೆ. ತಿಂಡಿ, ಕಾಫಿ, ಮಕ್ಕಳ ಬಾತ್‌ರೂಮ್ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದು ಶೇ 75 ಆಗಿರುತ್ತದೆ. ಶೇ 80ರ ಮೇಲೆ ಫಾಸ್ಟ್ ಚಾರ್ಜರ್ ಕೂಡ ನಿಧಾನವಾಗುತ್ತದೆ, ಅಲ್ಲಿ ಕಾಯುವುದು ಸುಮ್ನೆ ವ್ಯರ್ಥ.

ಸಕಲೇಶಪುರದಿಂದ ಪುತ್ತೂರಿಗೆ ನಾವು 800 ಮೀಟರಿಗೂ ಹೆಚ್ಚು ಕೆಳಗೆ ಇಳಿಯುತ್ತೇವೆ. ಘಾಟಿಯ ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟು ವಾಪಸ್ ಕೊಡುತ್ತದೆ. ಗುಂಡ್ಯ ಮುಟ್ಟುವಾಗ ಶೇಕಡಾವಾರು ಇಳಿಯುವ ಬದಲು ಏರಿರುವುದನ್ನು ಮಕ್ಕಳು ಪ್ರತಿ ಸಲವೂ ಕೂಗಿ ಹೇಳುತ್ತಾರೆ. ಆದರೆ ವಾಪಸ್ ಬರುವಾಗ ಅದೇ 800 ಮೀಟರ್ ಹತ್ತಬೇಕಲ್ವಾ? ಜನ, ಸಾಮಾನು ಸೇರಿ 1,800 ಕಿಲೋ ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ನಾಲ್ಕರಿಂದ ಐದು ಯೂನಿಟ್ ಹೆಚ್ಚು ಬೇಕು. ಅಂದರೆ 30 ಕಿ.ಮೀ. ರೇಂಜ್. ಬೆಟ್ಟದ ಊರಿನವರು, ಕರಾವಳಿಯವರು ಈ 30 ಕಿ.ಮೀ. ಮರೆಯಬಾರದು.

ನಾವು ಮರೆತೆವು. 2023ರ ದೀಪಾವಳಿ ಮುಗಿಸಿ ಹೊರಡುವ ಹಿಂದಿನ ರಾತ್ರಿ ಊರಿನಲ್ಲಿ ಕರೆಂಟ್ ಹೋಯಿತು. "ಅತ್ತಿಗೆ, ಕರೆಂಟ್ ಯಾವಾಗ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ, ನಾಳೆ ಮಧ್ಯಾಹ್ನ ಹೋಗಿ" ಅಂತ ಮೈದುನ ಹೇಳಿದರು. ಮಕ್ಕಳಿಗೆ ಮರುದಿನ ಶಾಲೆ ಇದೆ ಅಂತ ಶೇ 82ರಲ್ಲೇ ಹೊರಟೆವು. ಘಾಟಿ ಹತ್ತಿ ಹಾಸನ ಮುಟ್ಟುವಾಗ ಶೇ 24. ಅಲ್ಲಿ ಒಂದು ಹೋಟೆಲಿನ ಚಾರ್ಜರ್ ಆ್ಯಪ್‌ನಲ್ಲಿ ಸರಿ ಇದೆ ಅಂತ ತೋರಿಸುತ್ತಿತ್ತು. ಹೋಗಿ ನೋಡಿದರೆ ಪರದೆ ಸತ್ತು ಎರಡು ದಿನ ಆಗಿತ್ತಂತೆ. ಮುಂದಿನದಕ್ಕೆ ಹೋದೆವು. ಅಲ್ಲಿ ಒಂದೇ ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್), ಮುಂದೆ ಎರಡು ಕಾರು. ಎರಡೂವರೆ ಗಂಟೆ ಕಾದೆವು. ಅತ್ತೆಗೆ ಮಾತ್ರೆ ತಗೊಳ್ಳುವ ಮುಂಚೆ ಊಟ ಆಗಬೇಕು. ಚಿಕ್ಕವಳು ಅತ್ತು ಅತ್ತು ಮಲಗಿದಳು. ಮನೆ ಸೇರುವಾಗ ರಾತ್ರಿ ಹನ್ನೆರಡೂವರೆ. ಅವತ್ತು ನನಗೆ ನಿಜವಾಗಿಯೂ ಬೇಜಾರಾಯಿತು. ಹಬ್ಬದ ಹೊತ್ತಿನಲ್ಲಿ ವಯಸ್ಸಾದವರನ್ನು ಹೀಗೆ ಕಾಯಿಸುವುದು ಸಣ್ಣ ವಿಷಯ ಅಲ್ಲ.

ಆಮೇಲೆ ನಮ್ಮ ಪದ್ಧತಿ ಬದಲಾಯಿತು. ಶೇ 30 ಇರುವಾಗಲೇ ಚಾರ್ಜ್‌ಗೆ ನಿಲ್ಲಿಸುತ್ತೇವೆ, 20ಕ್ಕೆ ಕಾಯುವುದಿಲ್ಲ. ಒಂದು ಕಂಬದ ಜಾಗಕ್ಕಿಂತ ಎರಡು ಮೂರು ಗನ್ ಇರುವ ಜಾಗ ಆರಿಸುತ್ತೇವೆ. ಹೊರಡುವ ಮುಂಚೆ ಹೋಟೆಲಿಗೆ ಫೋನ್ ಮಾಡುತ್ತೇವೆ. ಚಾರ್ಜರ್ ಬೆಳಿಗ್ಗೆಯಿಂದ ಓಡಿದೆಯಾ ಅನ್ನುವುದು ಆ್ಯಪ್‌ಗಿಂತ ಅಲ್ಲಿನ ವಾಚ್‌ಮನ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಹಬ್ಬದ ಹಿಂದುಮುಂದಿನ ದಿನ ಬೆಳಿಗ್ಗೆ ಐದಕ್ಕೇ ಹೊರಡುತ್ತೇವೆ. ಇಷ್ಟು ಮಾಡಿದ ಮೇಲೆ ಎರಡು ವರ್ಷದಲ್ಲಿ ಒಮ್ಮೆಯೂ ಅರ್ಧ ಗಂಟೆಗಿಂತ ಜಾಸ್ತಿ ಸರದಿಯಲ್ಲಿ ಕಾದಿಲ್ಲ.

ಊರಿನ ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಇನ್ನೊಂದು ಮಾತು, ಅರ್ತಿಂಗ್. ಮೊದಲ ಬೇಸಿಗೆಯಲ್ಲಿ ಪುತ್ತೂರಿನ ಮನೆಯ ಸಾಕೆಟ್‌ಗೆ ಹಾಕಿದಾಗ ಚಾರ್ಜರ್‌ನಲ್ಲಿ ಕೆಂಪು ದೀಪ ಬಂತು. ಮಿಕ್ಸಿ, ಫ್ರಿಜ್, ಪಂಪು ಎಲ್ಲ ಓಡುತ್ತಿದ್ದವು, ಕಾರು ಮಾತ್ರ ಕರೆಂಟ್ ತಗೊಳ್ಳಲಿಲ್ಲ. ಮುರಕಲ್ಲಿನ ನೆಲ, ಏಪ್ರಿಲ್‌ನ ಬಿಸಿಲು. ಹಳೆಯ ಅರ್ತ್ ಗುಂಡಿ ಪೂರ್ತಿ ಒಣಗಿತ್ತು. ಅರ್ತ್ ಸರಿ ಇಲ್ಲದಿದ್ದರೆ ಚಾರ್ಜರ್ ಶುರುವೇ ಆಗುವುದಿಲ್ಲ, ಅದು ನಮ್ಮ ಜೀವ ಕಾಯಲು ಇರುವ ಏರ್ಪಾಡು. ಎಲೆಕ್ಟ್ರೀಷಿಯನ್ ಬಂದು ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಕೊಟ್ಟರು. ಈಗ ನಾವು ಬರುವ ಹಿಂದಿನ ದಿನ ಮೈದುನ ಗುಂಡಿಗೆ ಎರಡು ಕೊಡ ನೀರು ಹೊಯ್ದಿರುತ್ತಾರೆ. ಇಷ್ಟು ವರ್ಷ ಆ ಮನೆ ಸರಿಯಾದ ಅರ್ತ್ ಇಲ್ಲದೆ ನಡೆದಿತ್ತು ಅಂತ ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಮನೆಮಂದಿಯ ಅನುಭವ ಹೇಳಬೇಕು. ಸದ್ದಿಲ್ಲದ್ದು ಅತ್ತೆಗೆ ತುಂಬಾ ಇಷ್ಟ. ಹಿಂದೆ ಕೂತವರ ಮಾತು ಮುಂದಿನವರಿಗೆ ಕೇಳುತ್ತದೆ, ಕೂಗಬೇಕಿಲ್ಲ. ಮಕ್ಕಳ ಜೊತೆ ಒಂದು ಎಚ್ಚರಿಕೆ ಬೇಕು. ಕಾಲು ತೆಗೆದ ಕೂಡಲೇ ತಾನೇ ಬ್ರೇಕ್ ಹಿಡಿದಂತೆ ನಿಧಾನವಾಗುವ ರೀಜೆನ್ ಅನ್ನು ಮೂರನೇ ಹಂತದಲ್ಲಿಟ್ಟರೆ ಕಾರು ಮುಂದಕ್ಕೂ ಹಿಂದಕ್ಕೂ ತೂಗಿದಂತೆ ಆಗುತ್ತದೆ. ದೊಡ್ಡವನು ಶಿರಾಡಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಮಕ್ಕಳಿರುವಾಗ ಒಂದನೇ ಹಂತಕ್ಕೆ ತಂದ ಮೇಲೆ ನಿಂತಿತು. ಇನ್ನೊಂದು, ಬ್ಯಾಟರಿ ನೆಲದ ಕೆಳಗೆ ಇರುವ ಕಾರುಗಳಲ್ಲಿ ಹಿಂದೆ ಕೂತವರ ಮಂಡಿ ಸ್ವಲ್ಪ ಮೇಲೆ ಬರುತ್ತದೆ. ಮಂಡಿ ನೋವಿನ ಹಿರಿಯರಿದ್ದರೆ ಟೆಸ್ಟ್ ಡ್ರೈವ್‌ಗೆ ಅವರನ್ನೂ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ. ಅರ್ಧ ಗಂಟೆ ಕೂತರೆ ಅವರೇ ಹೇಳುತ್ತಾರೆ.

ನಿರ್ವಹಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಬ್ರೇಕ್ ಪ್ಯಾಡ್ ಇನ್ನೂ ಮೊದಲಿನವೇ. ಟೈರ್ ಮಾತ್ರ 38,000ಕ್ಕೆ ಬದಲಾಯಿಸಿದೆವು, ತೂಕದ ಕಾರು, ಎಳೆತವೂ ಜೋರು. ಎಲೆಕ್ಟ್ರಿಕ್ ಕಾರಿನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದು ಇರುತ್ತದೆ, ಅದು ಮೂರನೇ ವರ್ಷ ಹೊಸದಾಯಿತು. ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ನಮ್ಮ ಲೆಕ್ಕದಲ್ಲಿ ಇಷ್ಟರಲ್ಲಿ ಕಳೆದುಕೊಂಡಿರುವುದು ಶೇ 5ರಷ್ಟು.

ಹಾಗಾದರೆ ಹೈಬ್ರಿಡ್ ಯಾರಿಗೆ? ನಮ್ಮ ಅಕ್ಕ-ಭಾವನಿಗೆ. ಅವರು ಬಸವನಗುಡಿಯ ಹಳೆಯ ಬಾಡಿಗೆ ಮನೆಯಲ್ಲಿದ್ದಾರೆ. ಕಾರು ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ದಿನಕ್ಕೊಂದು ಜಾಗದಲ್ಲಿ. ಭಾವನಿಗೆ ಕೆಲಸದ ಮೇಲೆ ತಿಂಗಳಿಗೆ ಎರಡು ಸಲ ಕಲಬುರಗಿಗೆ ಹೋಗಬೇಕು, ಒಂದು ದಿಕ್ಕಿಗೇ ಸುಮಾರು 600 ಕಿ.ಮೀ. ಅವರು ಕೇಳಿದಾಗ ಎಲೆಕ್ಟ್ರಿಕ್ ಬೇಡ ಅಂತ ನಾನೇ ಹೇಳಿದೆ. ಟೊಯೊಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ತಗೊಂಡರು, ನಮ್ಮ ಬಿಡದಿಯಲ್ಲೇ ತಯಾರಾಗುವ ಕಾರು. ನಾನೂ ಓಡಿಸಿದ್ದೇನೆ. ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ಎಂಜಿನ್ ಆಫ್ ಆಗಿ ಮೋಟಾರಿನಲ್ಲೇ ಸರಿಯುತ್ತದೆ. ಬ್ಯಾಟರಿ ಒಂದು ಯೂನಿಟ್‌ಗಿಂತ ಚಿಕ್ಕದು, ಓಡುತ್ತಾ ತಾನೇ ತುಂಬಿಕೊಳ್ಳುತ್ತದೆ, ಪ್ಲಗ್ ಇಲ್ಲ. ಕಾಗದದಲ್ಲಿ ಲೀಟರಿಗೆ 27.97 ಅಂತ ಇದೆ, ಭಾವನಿಗೆ 20-22 ಸಿಗುತ್ತಿದೆ. ಬ್ಯಾಟರಿ ಹಿಂದೆ ಇರುವುದರಿಂದ ಡಿಕ್ಕಿ ಚಿಕ್ಕದು, ಊರಿಗೆ ಹೋಗುವವರು ಸೂಟ್‌ಕೇಸ್ ಇಟ್ಟು ನೋಡಿ. ಶೋರೂಮಿನಲ್ಲಿ 'ಹೈಬ್ರಿಡ್' ಅಂದ ತಕ್ಷಣ ಸ್ಟ್ರಾಂಗಾ, ಮೈಲ್ಡಾ ಅಂತ ಕೇಳಿ. ಮೈಲ್ಡ್ ಹೈಬ್ರಿಡ್ ಬರೀ ಮೋಟಾರಿನಲ್ಲಿ ಓಡುವುದಿಲ್ಲ, ಉಳಿತಾಯವೂ ಅಷ್ಟಕ್ಕಷ್ಟೇ.

ಅಕ್ಕ-ಭಾವ ಈಗ ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಹೋದ ವಾರ ವೈರಿಂಗ್ ಕೆಲಸ ಶುರುವಾಯಿತು. ನಾನು ಫೋನ್ ಮಾಡಿ ಅಕ್ಕನಿಗೆ ಹೇಳಿದೆ: ಗೋಡೆಗೆ ಪ್ಲಾಸ್ಟರ್ ಆಗುವ ಮುಂಚೆ ಪೋರ್ಟಿಕೋವರೆಗೆ ಆರು ಚದರ ಮಿಲಿಮೀಟರ್ ತಾಮ್ರದ ತಂತಿ ಬೇರೆಯಾಗಿ ಎಳೆಸು, ಅದಕ್ಕೆ ಬೇರೆ ಎಂಸಿಬಿ ಹಾಕಿಸು, ಒಳ್ಳೆ ಅರ್ತ್ ಗುಂಡಿ ತೋಡಿಸು. ಮುಂದಿನ ಕಾರು ಯಾವುದು ಅಂತ ಆಮೇಲೆ ಕೂತು ಮಾತಾಡೋಣ.