ಟ್ರಾಲಿ ಮಾಡಿಸುವವರೇ, ಸನ್ಮೈಕಾ ನೋಡಿ ಮರುಳಾಗಬೇಡಿ, ಒಳಗಿನ ಹಲಗೆ ನೋಡಿ

ಬೆಳಗಾವಿಯಲ್ಲಿ ಈ ವರ್ಷ ಅಡುಗೆಮನೆಗೆ ಟ್ರಾಲಿ (ಕಟ್ಟೆಯ ಕೆಳಗೆ ಕೂರಿಸುವ, ಎಳೆಯುವ ಖಾನೆಗಳು), ಕಪಾಟು ಮಾಡಿಸುವ ಯೋಚನೆ ಇದ್ದವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಮ್ಮದು ಒಂದು ಲಕ್ಷ ತೊಂಬತ್ತು ಸಾವಿರದ ಕೆಲಸ. ಮೊದಲನೇ ಮಳೆಗಾಲ ಮುಗಿಯುವುದರೊಳಗೆ ಸಿಂಕಿನ ಕೆಳಗಿನ ಪೆಟ್ಟಿಗೆ ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಉಬ್ಬಿ ಕೂತಿತು. ಬಾಗಿಲು ಮುಚ್ಚುವುದಿಲ್ಲ, ಮುಚ್ಚಿದರೆ ತೆಗೆಯಲು ಬರುವುದಿಲ್ಲ. ಅಂಗಡಿಯ ಹೆಸರು ಬರೆಯುವುದಿಲ್ಲ. ನಮ್ಮ ಓಣಿಯಲ್ಲೇ ಬೇರೆ ಬೇರೆ ಕಡೆ ಮಾಡಿಸಿದ ಮನೆಗಳಲ್ಲೂ ಇದೇ ಗೋಳು ಇದೆ. ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋದರೆ ಬಚಾವಾಗುತ್ತೀರಿ ಎಂದೇನೂ ಇಲ್ಲ.

ನಮ್ಮ ಕಡೆಯ ಅಡುಗೆಮನೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ವರ್ಷದ ಕಾಳು ಒಮ್ಮೆಲೇ ಮನೆಗೆ ಬರುತ್ತದೆ. ನಮ್ಮ ಅತ್ತೆಯ ತವರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಹಿಂಗಾರಿ ರಾಶಿಯಾದ ಮೇಲೆ ಅಲ್ಲಿಂದ ಬಿಳಿಜೋಳದ ಚೀಲ ಬರುತ್ತವೆ. ಅದರ ಜೊತೆಗೆ ಗೋಧಿ, ತೊಗರಿ, ಶೇಂಗಾ, ಬೆಲ್ಲ. ಬೇಸಿಗೆಯಲ್ಲಿ ಮಾಡಿದ ಶ್ಯಾವಿಗೆ, ಸಂಡಿಗೆ, ಹಪ್ಪಳ. ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿದ ಖಾರ. ಲಿಂಬೆ ಉಪ್ಪಿನಕಾಯಿಯ ಭರಣಿಗಳು. ಇಷ್ಟೂ ಮೊದಲು ಬಾಗಿಲಿಲ್ಲದ ಕಡಪಾ ಕಲ್ಲಿನ ಕಪಾಟಿನಲ್ಲಿ ಇರುತ್ತಿದ್ದವು. ನೋಡಲು ಚೆಂದ ಇರಲಿಲ್ಲ, ಧೂಳು ಕೂರುತ್ತಿತ್ತು. ಅದಕ್ಕೇ ಟ್ರಾಲಿ ಮಾಡಿಸೋಣ ಅಂದದ್ದು.

ಅಳತೆಗೆ ಬಂದ ಹುಡುಗನಿಗೆ ಎಲ್ಲವನ್ನೂ ತೋರಿಸಿದೆವು. ಅತ್ತೆ ಜೋಳದ ಚೀಲದ ಮೇಲೆ ಕೈ ಇಟ್ಟು, "ಇದು ಎಲ್ಲಿ ಕೂಡ್ತದಪಾ ತಮ್ಮಾ?" ಎಂದು ಕೇಳಿದರು. "ಆಯಿ, ಎಲ್ಲಾ ಕೂಡಸ್ತೀನ್ರಿ, ಟಾಲ್ ಯೂನಿಟ್ ಕೊಡ್ತೀನಲ್ರಿ" ಎಂದ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಆ ಚಿತ್ರದ ಅಡುಗೆಮನೆಯಲ್ಲಿ ಇದ್ದದ್ದು ಪಾಸ್ತಾ ತುಂಬಿದ ಗಾಜಿನ ಬಾಟಲಿ, ಎರಡು ಸೇಬು, ಒಂದು ಹೂದಾನಿ. ನಮ್ಮ ಮನೆಯಲ್ಲಿ ಪಾಸ್ತಾ ತಿನ್ನುವವರು ಯಾರೂ ಇಲ್ಲ, ಇರಲಿ.

ಅಂಗಡಿಯಲ್ಲಿ ಮೇಜಿನ ಮೇಲೆ ಒಂದು ಗಾಜಿನ ಪಾತ್ರೆ ಇಟ್ಟಿದ್ದರು. ಅದರ ನೀರಿನಲ್ಲಿ ಹಲಗೆಯ ತುಂಡೊಂದು ಮುಳುಗಿತ್ತು. "ನೋಡ್ರಿ ವೈನಿ, ವರ್ಷ ಆತು, ಏನೂ ಆಗಿಲ್ಲ" ಎಂದರು ಮಾಲೀಕರು. ತುಂಡನ್ನು ತೆಗೆದು ಕೈಗೂ ಕೊಟ್ಟರು. ಅದು ನಿಜವಾದ ಪ್ಲೈವುಡ್ಡೇ, ಅದರಲ್ಲಿ ಸುಳ್ಳಿಲ್ಲ. ನಮ್ಮ ಮನೆಗೆ ಬಂದದ್ದು ಮಾತ್ರ ಅದಲ್ಲ. ಕೊಟೇಶನ್ನಿನಲ್ಲಿ ಬರೆದದ್ದು ಇಷ್ಟೇ: "ಕಿಚನ್ ಟ್ರಾಲಿ, 18 ಎಂಎಂ ವಾಟರ್‌ಪ್ರೂಫ್, ಸಾಫ್ಟ್ ಕ್ಲೋಸ್, 10 ವರ್ಷ ವಾರಂಟಿ." ವಾಟರ್‌ಪ್ರೂಫ್ ಏನು ಅನ್ನುವ ಜಾಗದಲ್ಲಿ ಒಂದು ಪದವೂ ಇರಲಿಲ್ಲ.

ಪೆಟ್ಟಿಗೆಗಳು ತಯಾರಾಗಿಯೇ ಟೆಂಪೋದಲ್ಲಿ ಬಂದವು. ಎಲ್ಲಾ ಅಂಚಿಗೂ ಪಟ್ಟಿ ಅಂಟಿಸಿತ್ತು, ಒಳಗೂ ಹೊರಗೂ ಬಿಳಿ ಸನ್ಮೈಕಾ. ಒಳಗೆ ಏನಿದೆ ಅಂತ ಹೊರಗಿನಿಂದ ತಿಳಿಯುವ ದಾರಿಯೇ ಇಲ್ಲ. ಜೂನ್ ಬಂತು. ಬೆಳಗಾವಿಯ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ವರ್ಷಕ್ಕೆ 1,200 ಮಿಲಿಮೀಟರಿನ ಮೇಲೆ ಬೀಳುವ ಊರು ಇದು, ವಿಜಯಪುರದಲ್ಲಿ ಅದರ ಅರ್ಧದಷ್ಟು. ಅಲ್ಲಿ ನಡೆಯುವ ಸಾಮಾನು ಇಲ್ಲಿ ನಡೆಯುವುದಿಲ್ಲ. ಸಿಂಕಿನ ಕೆಳಗೆ ಪೈಪಿನ ಜೋಡಣೆಯಿಂದ ಹನಿ ಹನಿ ನೀರು ಇಳಿಯುತ್ತಿತ್ತು. ಯಾವ ಮನೆಯಲ್ಲಿ ಇಳಿಯುವುದಿಲ್ಲ ಹೇಳಿ? ಮೊದಲು ತಳದ ಅಂಚು ದಪ್ಪಗಾಯಿತು. ಆಮೇಲೆ ಸನ್ಮೈಕಾ ಎದ್ದಿತು. ಕೊನೆಗೆ ಬಾಗಿಲಿನ ಹಿಂಜ್ ಸ್ಕ್ರೂ ಸಮೇತ ಕೈಗೆ ಬಂತು.

ಫೋನ್ ಮಾಡಿದರೆ, "ನೀವ ನೀರು ಬಿಟ್ಟೀರಿ ವೈನಿ, ವಾರಂಟಿಯೊಳಗ ಅದು ಬರಂಗಿಲ್ಲ" ಎಂಬ ಉತ್ತರ. ವಾರಂಟಿ ಕಾಗದ ತೆಗೆದು ನೋಡಿದರೆ ಹತ್ತು ವರ್ಷ ಇದ್ದದ್ದು ಹಿಂಜ್ ಮತ್ತು ಚಾನೆಲ್ಲಿಗೆ (ಖಾನೆ ಎಳೆದಾಗ ಜಾರುವ ಪಟ್ಟಿ) ಮಾತ್ರ. ಹಲಗೆ ಎಂದು ಬರೆದ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ "ನೀರಿನಿಂದಾದ ಹಾನಿ ಸೇರುವುದಿಲ್ಲ". ಸಿಂಕಿನ ಕೆಳಗೆ ಇಡುವ ಪೆಟ್ಟಿಗೆಗೆ ನೀರಿನ ಹಾನಿ ಸೇರುವುದಿಲ್ಲ ಅಂದರೆ ಮತ್ತೇನು ಸೇರುತ್ತದೆ?

ಹಳೆಯ ಪರಿಚಯದ ಬಡಿಗೇರರೊಬ್ಬರನ್ನು ಕರೆಸಿದೆವು. ಅವರು ಮಾಡಿದ್ದನ್ನು ನೀವೂ ಮಾಡಬಹುದು, ಸ್ಕ್ರೂ ಡ್ರೈವರ್ ಒಂದಿದ್ದರೆ ಸಾಕು. ಬಾಗಿಲಿನ ಹಿಂಜ್ ಕೂರುವ ಕಡೆ ಒಂದು ದುಂಡು ಗುಳಿ ಇರುತ್ತದೆ, 35 ಎಂಎಂ ಅಗಲ. ಹಿಂಜ್ ಬಿಚ್ಚಿದರೆ ಆ ಗುಳಿಯಲ್ಲಿ ಸನ್ಮೈಕಾ ಇರುವುದಿಲ್ಲ, ಹಲಗೆಯ ಹೊಟ್ಟೆ ನೇರವಾಗಿ ಕಾಣುತ್ತದೆ. ಪ್ಲೈವುಡ್ ಆದರೆ ಗುಳಿಯ ಗೋಡೆಯಲ್ಲಿ ಪದರ ಪದರ, ಒಂದು ತಿಳಿ ಒಂದು ಕಪ್ಪು. ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ) ಆದರೆ ಒಂದೇ ಸಮ ಕಂದು, ನುಣ್ಣಗೆ. ಪಾರ್ಟಿಕಲ್ ಬೋರ್ಡ್ ಆದರೆ ಕಟ್ಟಿಗೆಯ ಚೂರು, ಹೊಟ್ಟು, ಅಂಟು. ನಮ್ಮದರಲ್ಲಿ ಬೆರಳು ಆಡಿಸಿದರೆ ಉದುರಿದ್ದು ಹೊಟ್ಟು. ಬಡಿಗೇರರು ಅಂಗೈಯಲ್ಲಿ ಹಿಡಿದು, "ಇದಕ್ಕ ಪ್ಲೈ ರೊಕ್ಕ ಕೊಟ್ಟೀರೇನ್ರಿ ಅಕ್ಕಾರ?" ಎಂದು ಕೇಳಿ ಸುಮ್ಮನಾದರು.

ಇಲ್ಲೊಂದು ಮಾತು ಹೇಳಬೇಕು. ಪಾರ್ಟಿಕಲ್ ಬೋರ್ಡ್ ಮಾರುವುದೇ ಮೋಸ ಅಲ್ಲ. ಬಟ್ಟೆಯ ಕಪಾಟಿಗೆ, ಪುಸ್ತಕದ ಕಪಾಟಿಗೆ, ನೀರು ತಾಗದ ಕಡೆ ಅದು ನಡೆಯುತ್ತದೆ. ದರವೂ ಕಡಿಮೆ. ಪ್ಲೈವುಡ್ ತೋರಿಸಿ, ಪ್ಲೈವುಡ್ಡಿನ ದರ ಹಾಕಿ, ಇದನ್ನು ಸಿಂಕಿನ ಕೆಳಗೆ ಇಡುವುದು ಮೋಸ.

"ವಾಟರ್‌ಪ್ರೂಫ್" ಎಂಬುದು ಅಂಗಡಿಯವರ ಬಾಯಿಮಾತು. ಪ್ಲೈವುಡ್ಡಿಗೆ ಬೇರೆಯೇ ದರ್ಜೆಗಳಿವೆ. ಎಂಆರ್ ಅಂದರೆ ತೇವ ತಡೆಯುವಂಥದ್ದು, ನೀರು ನಿಂತರೆ ಅಲ್ಲ. ಬಿಡಬ್ಲ್ಯೂಆರ್ ಅದಕ್ಕಿಂತ ಗಟ್ಟಿ. ಬಿಡಬ್ಲ್ಯೂಪಿ, ಅಂದರೆ ಮರೀನ್ ಪ್ಲೈ, ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟು ಪರೀಕ್ಷೆ ಮಾಡುವಂಥದ್ದು. ಅದರ ಮೇಲೆ ಐಎಸ್ 710 ಎಂದು ಛಾಪು ಇರುತ್ತದೆ, ಜೊತೆಗೆ ಐಎಸ್ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ. ಆ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೋ ಇಲ್ಲವೋ ಕಾಣುತ್ತದೆ. ಛಾಪು ಇರುವುದು ಇಡೀ ಹಲಗೆಯ ಮೇಲೆ. ಕೊಯ್ದು ಸನ್ಮೈಕಾ ಅಂಟಿಸಿದ ಮೇಲೆ ದೇವರಿಗೂ ಕಾಣುವುದಿಲ್ಲ. ಅದಕ್ಕೇ ಕೊಯ್ಯುವ ಮೊದಲು ಹೋಗಿ ನೋಡುತ್ತೇವೆ ಅನ್ನಿ, ಛಾಪಿನ ಫೋಟೋ ತೆಗೆದುಕೊಳ್ಳಿ. ಒಪ್ಪದ ಅಂಗಡಿಗೆ ನಮಸ್ಕಾರ ಹೇಳಿ ಬನ್ನಿ. ನನ್ನನ್ನು ಕೇಳಿದರೆ, ಮನೆಯ ಅಂಗಳದಲ್ಲೇ ಕೊಯ್ದು ಜೋಡಿಸುವ ಬಡಿಗೇರರ ಕೆಲಸವೇ ಮೇಲು. ಎಂಟು ದಿನ ಮನೆ ತುಂಬ ಹೊಟ್ಟು, ಗದ್ದಲ, ಸರಿ. ಹಲಗೆ ಯಾವುದು ಅಂತ ಕಣ್ಣಿಗಾದರೂ ಕಾಣುತ್ತದೆ.

ಇನ್ನು ಆ ಟಾಲ್ ಯೂನಿಟ್. ಎಳೆದರೆ ಇಡೀ ಕಂಬವೇ ಹೊರಗೆ ಬರುವ ಕಪಾಟು, ಒಳಗೆ ತಂತಿಯ ಬುಟ್ಟಿಗಳು. ಎಣ್ಣೆಯ ಖಾಲಿ ತಗಡಿನ ಡಬ್ಬಿಯಲ್ಲಿ ಜೋಳ ತುಂಬಿದರೆ ಹತ್ತು ಹನ್ನೆರಡು ಕೆಜಿ ಹಿಡಿಯುತ್ತದೆ. ಅಂಥ ನಾಲ್ಕು ಡಬ್ಬಿ ಇಟ್ಟರೆ ಏನಾಯಿತು ಲೆಕ್ಕ ಹಾಕಿ. ಚಾನೆಲ್ಲಿಗೆ ಹೊರುವ ಮಿತಿ ಇರುತ್ತದೆ, ಅದು ಬರುವ ರಟ್ಟಿನ ಡಬ್ಬದ ಮೇಲೆ ಕೆಜಿಯಲ್ಲಿ ಬರೆದಿರುತ್ತಾರೆ. ಡ್ರಾಯರಿಗೆ ಹಾಕುವ ಸಾಮಾನ್ಯ ಚಾನೆಲ್ಲಿನದು 30ರಿಂದ 45 ಕೆಜಿ. ನಮಗೆ ಹಾಕಿದ್ದು ಅಂಥದ್ದೇ. ಒಂದು ದಿನ ಎಳೆದಾಗ ಮುಂದಕ್ಕೆ ವಾಲಿತು, ತಳ ನೆಲಕ್ಕೆ ಉಜ್ಜಿತು, ಆಮೇಲೆ ಒಳಗೆ ಹೋಗಲೇ ಇಲ್ಲ. ಮಗು ಎಳೆದಿದ್ದರೆ ಏನಾಗುತ್ತಿತ್ತೋ. ಕಾಳಿನ ಡಬ್ಬಿ ಚಕ್ರದ ಮೇಲೆ, ಚಾನೆಲ್ಲಿನ ಮೇಲೆ ಇರುವ ಸಾಮಾನೇ ಅಲ್ಲ. ನೆಲದ ಹತ್ತಿರ ಗಟ್ಟಿ ಕಲ್ಲಿನ ಮೇಲೆ ಇರಬೇಕು. ತಂತಿಯ ಬುಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಣ್ಣ ಡಬ್ಬಿ ಅದರಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಉಪ್ಪು ಹುಣಸೆಹಣ್ಣು ಇಟ್ಟ ಕಡೆ ತುಕ್ಕು ಬಂತು. ಸ್ಟೀಲ್ ಅಂದರೆ ಎಲ್ಲಾ ಒಂದೇ ಅಲ್ಲ. 304 ದರ್ಜೆಯ ಸ್ಟೀಲ್ ಎಂದು ಬಿಲ್ಲಿನಲ್ಲಿ ಬರೆಸಿ. 202 ಅಗ್ಗ, ತುಕ್ಕಿಗೆ ಬೇಗ ತಲೆಬಾಗುತ್ತದೆ.

ಜೋಳಕ್ಕೆ ನುಸಿ ಹತ್ತಿದ್ದು ಇದಕ್ಕಿಂತ ದೊಡ್ಡ ತಲೆನೋವು. ಕಡಪಾ ಕಪಾಟಿನಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿ ಒಲೆಯ ಪಕ್ಕ ಮುಚ್ಚಿದ ಪೆಟ್ಟಿಗೆ, ಮಳೆಗಾಲದ ತೇವ, ಒಳಗೆ ಬೆಚ್ಚಗೆ. ನುಸಿಗೆ ಇನ್ನೇನು ಬೇಕು? ಹೆಣ್ಣು ನುಸಿ ಕಾಳನ್ನು ಕೊರೆದು ಒಳಗೆ ಮೊಟ್ಟೆ ಇಟ್ಟು ತೂತು ಮುಚ್ಚುತ್ತದೆ. ಹಾಗಾಗಿ ಮೇಲಿಂದ ಕಾಳು ಚೊಕ್ಕ ಕಾಣುತ್ತದೆ, ಕೆಲವು ವಾರ ಕಳೆದ ಮೇಲೆ ಇದ್ದಕ್ಕಿದ್ದಂತೆ ಹುಳ ಹೊರಗೆ ಬರುತ್ತವೆ. ನಮ್ಮಲ್ಲಿ ಜೋಳದಿಂದ ಗೋಧಿಗೆ, ಗೋಧಿಯಿಂದ ಶ್ಯಾವಿಗೆಗೆ ಹೋದವು. ಬೆಲ್ಲ ನೀರು ಬಿಟ್ಟಿತು, ಖಾರದ ಪುಡಿ ಗಂಟು ಕಟ್ಟಿತು.

ದುರಸ್ತಿಗೆ ಅಂತ ಅಂಗಡಿಯಿಂದ ಬಂದವನು ಒಂದು ಉಪಾಯ ಹೇಳಿದ. "ಡಬ್ಬಿಯೊಳಗ ಒಂದೊಂದು ಗುಳಿಗಿ ಇಡ್ರಿ, ಎಲ್ಲಾ ಹೋಗ್ತಾವ." ಈ ಬರಹದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ಕಾಳಿನ ಗುಳಿಗೆ ಎಂದು ಕೊಡುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷದ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿ ಔಷಧ ಇಲ್ಲ. ಗೋದಾಮಿನಲ್ಲಿ ತರಬೇತಿ ಇದ್ದವರು, ತಾಡಪತ್ರಿ ಮುಚ್ಚಿ, ಜನರನ್ನು ದೂರ ಇಟ್ಟು ಬಳಸುವ ವಸ್ತು ಅದು. ಮಲಗುವ ಮನೆಯಲ್ಲಿ ಇಟ್ಟು ಜನ ಸತ್ತದ್ದಿದೆ, ಮಕ್ಕಳು ಸತ್ತದ್ದಿದೆ. ಯಾರು ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬೇಡಿ. ಬೋರಿಕ್ ಪುಡಿ ಕಾಳಿಗೆ ಸವರುವವರೂ ಇದ್ದಾರೆ. ಅದೂ ತಿನ್ನುವ ವಸ್ತುವಲ್ಲ.

ಅತ್ತೆಯ ಪದ್ಧತಿಗೇ ತಿರುಗಿ ಬಂದೆವು. ಏಪ್ರಿಲ್ ಮೇ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಕಾಳು ಹರಡಿ ಒಣಗಿಸುವುದು. ಹಲ್ಲಿನಲ್ಲಿ ಕಡಿದರೆ ಕಟ್ ಎಂದು ಒಡೆಯಬೇಕು. ಪೂರ್ತಿ ಆರಿದ ಮೇಲೆ ಡಬ್ಬಿ ತುಂಬುವುದು, ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರು ಬಿಡುತ್ತದೆ. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ನಡುನಡುವೆ. ಗೋಧಿಗೆ ಔಡಲೆಣ್ಣೆ ಸವರುವುದು. ಹೊಸ ಚೀಲವನ್ನು ಹಳೆಯ ಡಬ್ಬಿಗಳ ಪಕ್ಕ ಸೀದಾ ತಂದು ಇಡದೆ ಸ್ವಲ್ಪ ದಿನ ಬೇರೆ ಕಡೆ ಇಟ್ಟು ನೋಡುವುದು.

ಗ್ಯಾಸ್ ಸಿಲಿಂಡರಿನ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ನಮ್ಮ ಸಿಲಿಂಡರನ್ನೂ ಬಾಗಿಲು ಹಾಕಿ ಅಡಗಿಸಿದ್ದರು, ಒಂದು ತೂತೂ ಬಿಡದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಆ ಬಾಗಿಲಿನ ಬುಡದಲ್ಲಿ ಜಾಳಿಗೆ ಇರಲೇಬೇಕು, ರೆಗ್ಯುಲೇಟರಿಗೆ ಕೈ ಸುಲಭವಾಗಿ ಎಟುಕಬೇಕು. ನಾವು ಬಾಗಿಲನ್ನೇ ಕಿತ್ತು ಹಾಕಿದೆವು. ಸೋರುವ ವಾಸನೆ ಬಂದರೆ ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡವರಿಗೆ: ಕೊಟೇಶನ್, ಬಿಲ್, ಹಣ ಹಾಕಿದ ದಾಖಲೆ, ಹಿಂಜ್ ಗುಳಿಯ ಫೋಟೋ ಎಲ್ಲಾ ಜೋಡಿಸಿ ಇಡಿ. ಮಾತು ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಿ ಬರೆದು ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಆಗ ಉಳಿಯುವುದು ಅವರಿಗೆ. ನಿಮ್ಮ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ನಾವು ಬರೆದು ಕೇಳಿದ ಮೇಲೆ ಅಂಗಡಿಯವರ ಧಾಟಿ ಸ್ವಲ್ಪ ಬದಲಾಗಿದೆ. ಸಿಂಕಿನ ಪೆಟ್ಟಿಗೆಯೊಂದನ್ನು ಪುಕ್ಕಟೆಯಾಗಿ ಬದಲಿಸಿ ಕೊಡುತ್ತಾರಂತೆ, ಉಳಿದವು ಉಬ್ಬಿದಾಗ ನೋಡೋಣ ಅನ್ನುತ್ತಾರೆ. ಹೊಸ ಪೆಟ್ಟಿಗೆಗೆ ಐಎಸ್ 710 ಹಲಗೆ ಹಾಕುತ್ತೇವೆ ಎಂದು ಬರೆದು ಕೊಡಿ ಎಂದು ನಮ್ಮ ಮನೆಯವರು ಕೇಳಿದ್ದಾರೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ.