ಕೋವಿ ಲೈಸನ್ಸ್ ಪುಸ್ತಕದ ಫೋಟೊವನ್ನು ಯಾವ ಏಜೆಂಟರಿಗೂ ಕಳುಹಿಸಬೇಡಿ

ಮನೆಯಲ್ಲಿ ಕೋವಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಲೈಸನ್ಸ್ ನವೀಕರಣ ಮಾಡಿಸಿಕೊಡುತ್ತೇನೆಂದು ಬರುವವರು ಎಷ್ಟೇ ಪರಿಚಿತರಾಗಿರಲಿ, ಅವರಿಗೆ ಲೈಸನ್ಸ್ ಪುಸ್ತಕದ ಪುಟಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಡಿ. ನಾನು ಕಳುಹಿಸಿದೆ. ಸೊಸೈಟಿಯ ಲೆಕ್ಕಪತ್ರವನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳುವ ಅಭ್ಯಾಸವಿರುವ ನಾನೇ, ಒಂದು ಪ್ರಶ್ನೆಯನ್ನೂ ಕೇಳದೆ ಹನ್ನೊಂದು ಪುಟಗಳನ್ನು ಕಳುಹಿಸಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮದು ದಕ್ಷಿಣ ಕನ್ನಡದಲ್ಲಿ ಘಟ್ಟದ ತಪ್ಪಲಿನ ಅಡಿಕೆ ತೋಟ. ತಂದೆಯ ಕಾಲದಿಂದ ಬಂದ ಒಂಟಿ ನಳಿಗೆಯ ತೋಟೆ ಕೋವಿ ಇದೆ. ಲೈಸನ್ಸ್ ಇರುವುದು ಬೆಳೆ ರಕ್ಷಣೆಗೆ. ಮೇಲಿನ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸನ್ಸ್‌ನಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಘಟ್ಟದ ಕೆಳಗಿನ ನಮಗೆ ಆ ಪುಸ್ತಕವೇ ಆಧಾರ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತರುತ್ತೇವೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್‌ನಲ್ಲಿ ಇಟ್ಟದ್ದನ್ನು ಫಲಿತಾಂಶ ಬಂದ ಮೇಲೆ ಜೂನ್‌ನಲ್ಲಿ ಬಿಡಿಸಿಕೊಂಡು ಬಂದೆ. ಅಷ್ಟರಲ್ಲಿ ಹಂದಿಗಳು ಬಾಳೆಯ ಬುಡಗಳನ್ನೆಲ್ಲ ಅಗೆದು ಹಾಕಿದ್ದವು. ಆದರೂ ಸರ್ಕಾರಕ್ಕೆ ನನ್ನ ಕೋವಿಯ ವಿವರ ಗೊತ್ತಿರಬೇಕೆಂಬ ವಿಷಯದಲ್ಲಿ ನನಗೆ ಎಂದೂ ತಕರಾರು ಇರಲಿಲ್ಲ, ಈಗಲೂ ಇಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಹಾಗಾಗಿ ನಾನು ಕಚೇರಿಯ ಮೆಟ್ಟಿಲು ಹತ್ತಿ ಐದು ವರ್ಷ ಕಳೆದಿತ್ತು, ಅಷ್ಟರಲ್ಲಿ ಅರ್ಜಿಯೆಲ್ಲ ಆನ್‌ಲೈನ್ ಆಗಿತ್ತು. ಅವಧಿ ಮುಗಿಯಲು ಮೂರು ತಿಂಗಳಿರುವಾಗ, ಪೇಟೆಯಲ್ಲಿ ಕಚೇರಿ ಕೆಲಸಗಳನ್ನು ಮಾಡಿಸಿಕೊಡುವ ಒಬ್ಬ ಯುವಕ ಮನೆಗೇ ಬಂದ. "ಗಡುವು ಮುಗಿದರೆ ನಿಮ್ಮ ಯುಐಎನ್ ಲಾಕ್ ಆಗ್ತದೆ ಅಣ್ಣ, ಮತ್ತೆ ಕೋವಿ ಸರ್ಕಾರಕ್ಕೆ" ಎಂದ. ಯುಐಎನ್ ಎಂದರೆ ರಾಷ್ಟ್ರೀಯ ದತ್ತಾಂಶದಲ್ಲಿ ಪ್ರತಿ ಲೈಸನ್ಸ್‌ದಾರನಿಗೂ ಕೊಡುವ 18 ಅಂಕಿಗಳ ಸಂಖ್ಯೆ. ಆ ಸಂಖ್ಯೆ ಪಡೆಯಲು ಹಿಂದೆ ಗಡುವಿನ ಮೇಲೆ ಗಡುವು ಕೊಟ್ಟು ನಮ್ಮನ್ನೆಲ್ಲ ಓಡಾಡಿಸಿದ ನೆನಪಿದ್ದುದರಿಂದ ನಾನು ಹೆದರಿದೆ. ಆ ಹೆದರಿಕೆಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ.

ಮುಂದಿನದನ್ನು ನಾನು ದಿನವೂ ನೆನೆಸಿಕೊಳ್ಳುತ್ತೇನೆ. ನಾನು ಸ್ವಲ್ಪ ಹಿಂಜರಿದಾಗ ಅವನು, "ಎಂಥ ಹೆದರಿಕೆ ಅಣ್ಣ, ಇಲ್ಲಿ ನೋಡಿ" ಎಂದು ತನ್ನ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದು, ಬೆರಳಿನಿಂದ ಒಂದೊಂದೇ ಫೋಟೊ ಸರಿಸುತ್ತಾ ಹೋದ. ಎಲ್ಲವೂ ಬೇರೆಯವರ ಲೈಸನ್ಸ್ ಪುಟಗಳು. ಭಾವಚಿತ್ರ, ಅದರ ಮೇಲೆ ಅರ್ಧ ಬಿದ್ದ ಮೊಹರು, ವಿಳಾಸ, ಕೋವಿಯ ನಂಬರು, ಇಟ್ಟುಕೊಳ್ಳಬಹುದಾದ ತೋಟೆಗಳ ಲೆಕ್ಕ. ಅದರಲ್ಲಿ ಕನ್ನಡಕ ಹಾಕಿದ ವಯಸ್ಸಾದ ಅಮ್ಮನವರೊಬ್ಬರ ಪುಟವೂ ಇತ್ತು. ಗಂಡನ ಕಾಲಾನಂತರ ಹೆಸರು ಬದಲಾಯಿಸಿಕೊಂಡದ್ದಿರಬೇಕು. ಇಷ್ಟು ಜನ ಕೊಟ್ಟಿದ್ದಾರಲ್ಲ ಎಂದು ನನಗೆ ಧೈರ್ಯ ಬಂತು. ಧೈರ್ಯ! ಅವರ ಪುಟಗಳನ್ನು ನನಗೆ ತೋರಿಸುತ್ತಿರುವವನು ನಾಳೆ ನನ್ನ ಪುಟವನ್ನು ಇನ್ನೊಬ್ಬರಿಗೆ ತೋರಿಸುತ್ತಾನೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಪುಸ್ತಕದ ಫೋಟೊಗಳನ್ನೂ ಆಧಾರ್ ಕಾರ್ಡನ್ನೂ ಅವನ ನಂಬರಿಗೆ ಕಳುಹಿಸಿ, 4,500 ರೂಪಾಯಿಯನ್ನೂ ಕೊಟ್ಟೆ.

ಆರು ವಾರದ ನಂತರ ಅಪರಿಚಿತನೊಬ್ಬ ಫೋನ್ ಮಾಡಿ, ಕೋವಿ ಮಾರುತ್ತೀರಾ ಎಂದು ಕೇಳಿದ. ಇಲ್ಲವೆಂದೆ. ಅವನು ಕೋವಿಯ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಹೇಳಿ, "ನಿಮ್ಮ ಲೈಸನ್ಸ್ ಮುಗಿಯಲಿಕ್ಕೆ ಆಯಿತಲ್ಲ" ಎಂದು ನಮ್ಮ ಮನೆಯ ಹೆಸರನ್ನೂ ಹೇಳಿದ. ನಮ್ಮ ಮನೆಯ ಹೆಸರು 'ಮೂಲೆ' ಎಂದು ಕೊನೆಯಾಗುತ್ತದೆ. ಅವನು 'ಮೂಳೆ' ಎಂದ. ಊರಿನವರು ಯಾರೂ ಹಾಗೆ ಹೇಳುವುದಿಲ್ಲ. ಆ ತಪ್ಪು ಇರುವುದು ನನ್ನ ಲೈಸನ್ಸ್ ಪುಸ್ತಕದ ಮೊದಲ ಪುಟದಲ್ಲಿ ಮಾತ್ರ. ಎಷ್ಟೋ ವರ್ಷಗಳ ಹಿಂದೆ ಗುಮಾಸ್ತರು ಕೈಯಲ್ಲಿ ಬರೆಯುವಾಗ ಆದದ್ದು. ಕಂಪ್ಯೂಟರಿನಲ್ಲಿ ಹೆಸರು ಇಂಗ್ಲಿಷಿನಲ್ಲಿದೆ, ಅಲ್ಲಿ ಲ, ಳ ಎಂಬ ವ್ಯತ್ಯಾಸವೇ ಇಲ್ಲ. ಎಂದರೆ ಆ ಮನುಷ್ಯ ನಾನು ಕಳುಹಿಸಿದ ಫೋಟೊವನ್ನೇ ಎದುರಿಗಿಟ್ಟುಕೊಂಡು ಓದುತ್ತಿದ್ದ. ನನ್ನ ಕೈ ತಣ್ಣಗಾಯಿತು.

ಏಜೆಂಟನಿಗೆ ಫೋನ್ ಮಾಡಿದೆ. ಮೊದಲು, "ಯಾರೋ ಅಂದಾಜಿಗೆ ಹೇಳಿರಬೇಕು ಅಣ್ಣ" ಎಂದ. ನಂಬರನ್ನು ಅಂದಾಜಿಗೆ ಹೇಳಲು ಆಗುತ್ತದೆಯೇ ಎಂದು ಕೇಳಿದಾಗ, "ಕೆಲಸ ಬೇಗ ಆಗಲಿ ಅಂತ ಒಂದು ಗ್ರೂಪಿಗೆ ಹಾಕಿದ್ದೆ, ಅಂಗಡಿಯವರೆಲ್ಲ ಇದ್ದಾರೆ ಅದರಲ್ಲಿ" ಎಂದ. ಗ್ರೂಪಿಗೆ! ಯಾರನ್ನು ಕೇಳಿ ಹಾಕಿದ್ದು ಎಂದೆ. ಆಗ ಅವನು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಎಂಥ ಮಾರಾಯ್ರೆ, ಗವರ್ನಮೆಂಟಿನ ಹತ್ತಿರ ಇರುವುದೇ ಅಲ್ಲವಾ, ಅದರಲ್ಲಿ ಗುಟ್ಟು ಎಂಥದ್ದು? ಕಳಿಸಿದ್ದು ನೀವೇ ಅಲ್ಲವಾ?" ಅಷ್ಟೇ, ಫೋನ್ ಇಟ್ಟ. ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಸರ್ಕಾರದ ಹತ್ತಿರ ಇದೆ ಎಂದ ಮಾತ್ರಕ್ಕೆ ಅದು ಸಂತೆಯ ಮಾಲಲ್ಲ. ಕಾನೂನು ಕೇಳಿತೆಂದು ನಾನು ಜಿಲ್ಲಾಧಿಕಾರಿಗಳ ಕಚೇರಿಗೂ ಠಾಣೆಗೂ ಕೊಟ್ಟ ವಿವರ ಅಲ್ಲಿಯೇ ಇರಬೇಕು. ಯಾವ ಮನೆಯಲ್ಲಿ ಯಾವ ಕೋವಿ ಇದೆ, ಎಷ್ಟು ತೋಟೆ ಇದೆ ಎಂಬ ಪಟ್ಟಿ ಕಳ್ಳರ ಕೈಗೆ ಸಿಕ್ಕಿದರೆ, ಸಂಜೆ ಆರರ ನಂತರ ನೆರೆಯವರ ದೀಪವೂ ಕಾಣದ ನಮ್ಮಂಥ ಒಂಟಿ ಮನೆಗಳ ಗತಿಯೇನು? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣವನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕೋವಿ ಇಟ್ಟುಕೊಂಡವನಿಗೆ ಆ ಹಕ್ಕು ಇಲ್ಲವೆಂದು ಯಾರೂ ಹೇಳಿಲ್ಲ.

ಕಚೇರಿಗೆ ಹೋಗಿ ವಿಚಾರಿಸಿದಾಗ ನನ್ನ ಹೆಸರಿನಲ್ಲಿ ಅರ್ಜಿಯೇ ಸಲ್ಲಿಕೆಯಾಗಿರಲಿಲ್ಲ. ಅಷ್ಟರಲ್ಲಿ ಅವಧಿ ಮುಗಿಯುತ್ತಾ ಬಂದಿತ್ತು. ಲೈಸನ್ಸ್ ಇಲ್ಲದೆ ಕೋವಿ ಮನೆಯಲ್ಲಿದ್ದರೆ ಅದೇ ಅಪರಾಧವಾದ್ದರಿಂದ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಅಲ್ಲಿಯೇ ಲಿಖಿತ ದೂರನ್ನೂ ಕೊಟ್ಟೆ. "ಕೋವಿ ಕಳವು ಆಗಿಲ್ಲವಲ್ಲ?" ಎಂದು ಕೇಳಿದರು. ಆಗಿಲ್ಲ, ಆಗಬಾರದೆಂದೇ ಬಂದಿದ್ದೇನೆ ಎಂದೆ. ಸ್ವೀಕೃತಿ ಕೊಡದೆ ಎದ್ದು ಹೋಗುವುದಿಲ್ಲವೆಂದು ಕುಳಿತ ಮೇಲೆ ಕೊಟ್ಟರು.

ಅರ್ಜಿಯನ್ನು ನೀವೇ ಹಾಕಿ. ಮಗನೋ ಮಗಳೋ ಪಕ್ಕದಲ್ಲಿ ಕುಳಿತು ಹಾಕಿಕೊಟ್ಟರೆ ಇನ್ನೂ ಒಳ್ಳೆಯದು. ಸ್ವೀಕೃತಿ ಸಂಖ್ಯೆ ಕೈಗೆ ಬರುವವರೆಗೆ ಅರ್ಜಿ ಹೋಗಿದೆ ಎಂದು ನಂಬಬೇಡಿ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಉದ್ದೇಶವನ್ನೂ ದಿನಾಂಕವನ್ನೂ ಬರೆದು ಕೊಡಿ. ಫೋಟೊ ಮಾತ್ರ ಕಳುಹಿಸಬೇಡಿ, ಯಾರಿಗೂ ಬೇಡ.

ಆ ಕನ್ನಡಕದ ಅಮ್ಮನವರ ಹೆಸರನ್ನು ನಾನು ಅಂದು ಓದಲಿಲ್ಲ, ಊರನ್ನೂ ನೋಡಲಿಲ್ಲ. ನಿಮ್ಮ ಕಡೆ ಗಂಡನ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಹಿರಿಯರು ಯಾರಾದರೂ ಇದ್ದರೆ, ನವೀಕರಣಕ್ಕೆ ಯಾರ ಕೈಗೆ ಪುಸ್ತಕ ಕೊಟ್ಟಿದ್ದಾರೆಂದು ಇವತ್ತೇ ಹೋಗಿ ಕೇಳಿ.